ಅರವತ್ತೈದು ದಾಟಿದ, ಒಬ್ಬರೇ ಇರುವ ಮಹಿಳೆ ಬೇಕು

ಅಂಗಡಿಗೆ ಹೋಗಿ ಗಿರಾಕಿಯಂತೆ ನಟಿಸುವುದು ನನ್ನ ಕೆಲಸ. ಮಿಸ್ಟರಿ ಶಾಪರ್ ಅನ್ನುತ್ತಾರೆ. ಮನೆಯಲ್ಲಿ ನಮ್ಮ ಯಜಮಾನರು ಮಾತ್ರ "ಸಂಬಳ ತಗೊಂಡು ಚಾಡಿ ಹೇಳೋ ಕೆಲಸ" ಅನ್ನುತ್ತಾರೆ. ಕಂಪನಿಯವರು ತಮ್ಮದೇ ಅಂಗಡಿಗೆ ನನ್ನಂಥವರನ್ನು ಗುಟ್ಟಾಗಿ ಕಳಿಸುತ್ತಾರೆ. ಒಳಗೆ ಕಾಲಿಟ್ಟ ಎಷ್ಟು ನಿಮಿಷಕ್ಕೆ ಮಾತಾಡಿಸಿದರು, ಮುಖ ಗಂಟಿಕ್ಕಿಕೊಂಡರೋ ನಕ್ಕರೋ, ಬಿಲ್ಲು ಕೇಳಿದ ಮೇಲೆ ಕೊಟ್ಟರೋ ಕೇಳದೆ ಕೊಟ್ಟರೋ, ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು ಬಂದು ವರದಿ ಬರೆಯಬೇಕು. ಕೊಂಡ ವಸ್ತುವನ್ನು ಬಿಲ್ಲಿನ ಪಕ್ಕದಲ್ಲಿಟ್ಟು ಫೋಟೊ ತೆಗೆದು ಸಾಕ್ಷಿಗೆ ಕಳಿಸಬೇಕು. ಆರು ವರ್ಷದಿಂದ ಮಾಡುತ್ತಿದ್ದೇನೆ. ವರದಿ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ.

ನನ್ನ ಸಂಕಟ ಬೇರೆಯದು. ಪ್ರತಿ ಕೆಲಸಕ್ಕೂ ಒಂದು ಪ್ರೊಫೈಲ್ ಇರುತ್ತದೆ. ಹೊಸದಾಗಿ ಮದುವೆಯಾದ ಜೋಡಿ ಬೇಕು, ಕಾರಿರುವ ಗಂಡಸು ಬೇಕು, ಸಣ್ಣ ಮಗುವಿನ ತಾಯಿ ಬೇಕು. ನಲವತ್ತಮೂರು ವರ್ಷದ, ಮಕ್ಕಳಿಲ್ಲದ, ಕಾರಿಲ್ಲದ, ಒಮ್ಮೆ ನೋಡಿದರೆ ಮತ್ತೆ ನೆನಪಿರದ ಮುಖದ ಹೆಂಗಸು ಯಾವ ಕಂಪನಿಗೂ ಬೇಡ. ಒಮ್ಮೆ ನಾದಿನಿಯ ಮಗಳನ್ನು ಎರವಲು ತಂದು ಮಕ್ಕಳ ಸೈಕಲ್ ಅಂಗಡಿಗೆ ಹೋಗಿದ್ದೆ. ಆ ಕಿಲಾಡಿ ಅಂಗಡಿಯವನ ಮುಂದೆಯೇ ನನ್ನನ್ನು "ಅತ್ತೆ" ಎಂದು ಕೂಗಿ ಮಾನ ಕಳೆದಳು. ಬೇರೆಯವರನ್ನು ನಮ್ಮ ಜಾಗದಲ್ಲಿ ಕಳಿಸುವುದಾಗಲಿ, ಇಲ್ಲದ ಪ್ರೊಫೈಲ್ ಹೇಳಿಕೊಳ್ಳುವುದಾಗಲಿ ಗೊತ್ತಾದರೆ ಈ ಕೆಲಸ ಹಂಚುವ ಏಜೆನ್ಸಿಯವರು ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಆ ಸಲ ಹೊಡೆದೇ ಹಾಕಿದರು.

ಎರಡು ತಿಂಗಳು ಕೈ ಕಟ್ಟಿ ಕೂತೆ. ಆಗ ಹೊಸ ಏಜೆನ್ಸಿಯೊಂದರಿಂದ ಫೋನ್ ಬಂತು. ಹುಡುಗಿಯ ದನಿ, ಬೆಣ್ಣೆಯಂತೆ ಮೆತ್ತಗೆ.

"ಅಕ್ಕಾ, ನಿಮ್ಮ ಹಳೇ ವರದಿ ಓದಿದ್ದೀವಿ. ತುಂಬಾ ಚೆನ್ನಾಗಿ ಬರೀತೀರ. ಒಂದು ಕೆಲಸ ಇದೆ. ಅರವತ್ತೈದು ದಾಟಿದ, ಒಬ್ಬರೇ ಇರೋ ಮಹಿಳೆ ಬೇಕು. ಕಿವಿ ಸ್ವಲ್ಪ ಮಂದ ಇದ್ದರೆ ಇನ್ನೂ ಒಳ್ಳೇದು."

ಹೊಗಳಿಕೆ ಕಿವಿಗೆ ಬಿದ್ದರೆ ನನ್ನ ಬುದ್ಧಿ ಮಂಕಾಗುತ್ತದೆ. "ನಾನೇ ಇದ್ದೀನಲ್ಲ" ಎಂದುಬಿಟ್ಟೆ. ಅವಳು ತಡಮಾಡದೆ, "ಹಾಗಾದರೆ ನೀವೇ ಅಂತ ಬರ್ಕೋತೀನಿ ಅಕ್ಕಾ" ಎಂದಳು. ವಯಸ್ಸಿನ ದಾಖಲೆ ಕೇಳಲಿಲ್ಲ. ಅದೇ ನನಗೆ ಅನುಮಾನ ಬರಬೇಕಾಗಿದ್ದ ವಿಷಯ.

ನಮ್ಮ ಮನೆಯ ಮೇಲೆ, ಕಟ್ಟಡದ ಎರಡನೇ ಮಹಡಿಯಲ್ಲಿ ಟೀಚರ್ ಇದ್ದಾರೆ. ನನಗೆ ಎಂಟನೇ ತರಗತಿಯಲ್ಲಿ ಲೆಕ್ಕ, ಕನ್ನಡ ಎರಡೂ ಹೇಳಿಕೊಟ್ಟವರು. ನನ್ನ ಲೆಕ್ಕದ ಮೇಲೆ ಆಸೆ ಬಿಟ್ಟು, "ನಿನಗೆ ಬರವಣಿಗೆ ಇದೆ, ಅದನ್ನ ಹಿಡ್ಕೋ" ಎಂದವರೂ ಅವರೇ. ಮದುವೆ ಮಾಡಿಕೊಳ್ಳಲಿಲ್ಲ. ಎಪ್ಪತ್ತೊಂದು ವರ್ಷ, ಬಲಗಿವಿ ಪೂರ್ತಿ ಹೋಗಿದೆ. ಅದನ್ನು ಯಾರಿಗೂ ಹೇಳಿಕೊಂಡವರಲ್ಲ. ನನ್ನ ಹತ್ತಿರ ಮಾತ್ರ ಒಮ್ಮೆ, "ಎಡಗಡೆ ಕೂತ್ಕೋ ಮಾರಾಯ್ತಿ, ಆ ಕಡೆ ಕೂತರೆ ನೀನು ಬೈದರೂ ನನಗೆ ಗೊತ್ತಾಗಲ್ಲ" ಎಂದಿದ್ದರು.

ಅವರಿಗೆ ವಿಷಯ ಹೇಳಿದಾಗ ಕಣ್ಣು ಮಿನುಗಿತು. "ಅಂದರೆ ನಾನು ಪರೀಕ್ಷೆ ಮಾಡೋಕೆ ಹೋಗೋದು. ಅಷ್ಟೇ ತಾನೇ? ಮೂವತ್ತೈದು ವರ್ಷ ಅದನ್ನೇ ಮಾಡಿದ್ದೀನಿ."

ಮೊದಲ ಕೆಲಸ ಕಿವಿಯ ಯಂತ್ರದ ಅಂಗಡಿಯಲ್ಲಿ. ಟೀಚರ್ ಒಳಗೆ ಹೋದರು, ನಾನು ಎದುರಿನ ಬಸ್ ನಿಲ್ದಾಣದಲ್ಲಿ ಕೂತೆ. ಮುಕ್ಕಾಲು ಗಂಟೆಯಾದ ಮೇಲೆ ಅಂಗಡಿಯವನಿಗೇ ನಾಲ್ಕು ಬುದ್ಧಿಮಾತು ಹೇಳಿ ಹೊರಗೆ ಬಂದರು. ಮನೆಗೆ ಬಂದು ಅವರು ಹೇಳುತ್ತಾ ಹೋದರು, ನಾನು ನನ್ನ ಹೆಸರಿನಲ್ಲಿ ವರದಿ ಬರೆದೆ. ಫಾರ್ಮಿನ ಕೊನೆಯಲ್ಲಿ ಗಿರಾಕಿಯ ಬಗ್ಗೆಯೂ ಕೆಲವು ಪ್ರಶ್ನೆಗಳಿದ್ದವು, ಉತ್ತರವನ್ನು 'ಇವರು' ಎಂದೇ ಬರೆಯಬೇಕೆಂಬ ಸೂಚನೆಯೂ ಇತ್ತು. ಯಾವ ಕಿವಿ ಕೇಳುವುದಿಲ್ಲ? ಬಾಗಿಲ ಕರೆಗಂಟೆ ಕೇಳಿಸುತ್ತದೆಯೇ? ಫೋನ್ ಮಾಡುವವರು ಯಾರು? ನನಗೆ ಖಾಲಿ ಬಿಟ್ಟ ಜಾಗ ಕಂಡರೆ ಕೈ ತುರಿಸುತ್ತದೆ. ಎಲ್ಲವನ್ನೂ ತುಂಬಿದೆ, ಅಂದವಾಗಿ, ಅಲ್ಪವಿರಾಮ ಕೂಡ ತಪ್ಪದಂತೆ.

ಮರುದಿನವೇ ಮೆಚ್ಚುಗೆ ಬಂತು. ಹತ್ತಕ್ಕೆ ಹತ್ತು. ಆರು ವರ್ಷದಲ್ಲಿ ನನಗೆ ಯಾರೂ ಹತ್ತಕ್ಕೆ ಹತ್ತು ಕೊಟ್ಟಿರಲಿಲ್ಲ. ಯಜಮಾನರ ಮೂಗಿನ ಕೆಳಗೆ ಫೋನ್ ಹಿಡಿದು ತೋರಿಸಿದೆ.

ಎರಡನೇ ಕೆಲಸ ಬ್ಯಾಂಕಿನಲ್ಲಿ. ಹಿರಿಯರು ಸಹಿ ಹಾಕುವಾಗ ಸಿಬ್ಬಂದಿ ತಾಳ್ಮೆಯಿಂದ ಇರುತ್ತಾರೋ ಇಲ್ಲವೋ ನೋಡಬೇಕಿತ್ತು. ಈ ಸಲ ಪ್ರಶ್ನೆಗಳು ಇನ್ನೂ ಉದ್ದವಾಗಿದ್ದವು. ಗಿರಾಕಿಯ ಸಹಿ ಪ್ರತಿ ಸಲ ಒಂದೇ ಥರ ಬೀಳುತ್ತದೆಯೇ? ಮನೆ ಸ್ವಂತದ್ದೇ? ಅದರ ಪತ್ರಗಳನ್ನು ಬ್ಯಾಂಕಿನಲ್ಲಿಡುತ್ತಾರೋ ಮನೆಯಲ್ಲೋ?

ಯಜಮಾನರು ಹೆಗಲ ಮೇಲಿಂದ ಬಗ್ಗಿ ನೋಡಿದರು. "ಏನೇ ಇದು, ಬ್ಯಾಂಕ್ ಬಗ್ಗೆ ಎರಡು ಸಾಲು, ಟೀಚರ್ ಬಗ್ಗೆ ಎರಡು ಪುಟ?"

"ಗಿರಾಕಿ ಹಿನ್ನೆಲೆ ಗೊತ್ತಿಲ್ಲದೆ ಸೇವೆ ಹೇಗೆ ಅಳೀತಾರ್ರೀ? ನಿಮಗೆ ಈ ಕೆಲಸದ ಗಂಧಗಾಳಿ ಇಲ್ಲ, ಸುಮ್ಮನಿರಿ."

ಅವರು ಸುಮ್ಮನಾದರು. ನನ್ನೊಳಗೆ ಏನೋ ಚುರ್ ಎಂದಿತ್ತು, ಅದನ್ನೂ ಸುಮ್ಮನಾಗಿಸಿದೆ. ಪತ್ರಗಳು ಮನೆಯಲ್ಲಿ, ಮಲಗುವ ಕೋಣೆಯ ಬೀರುವಿನಲ್ಲಿ ಎಂದು ಬರೆದು ಕಳಿಸಿದೆ. ಮತ್ತೆ ಹತ್ತಕ್ಕೆ ಹತ್ತು.

ಮೂರನೆಯದು ಬೀಗದ ಅಂಗಡಿ. ಮುಂಬಾಗಿಲಿಗೆ ಹೊಸ ಬೀಗ ಕೊಳ್ಳಬೇಕು, ಅದನ್ನು ಅಂಗಡಿಯವರೇ ಬಂದು ಕೂರಿಸಬೇಕು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಬೇಕು. ಟೀಚರ್‌ಗೆ ಖುಷಿಯೋ ಖುಷಿ, ಹಳೆಯ ಬೀಗ ಎಂದೋ ತುಕ್ಕು ಹಿಡಿದಿತ್ತು. ಸಾಕ್ಷಿಯ ಫೋಟೊ ನಾನೇ ತೆಗೆದೆ. ಮೇಜಿನ ಮೇಲೆ ಮನೆಯ ವಿಳಾಸವಿದ್ದ ಬಿಲ್ಲು ಹರಡಿ, ಅದರ ಮೇಲೆ ಮೂರು ಬೀಗದಕೈಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ನೆರಳು ಬೀಳದಂತೆ ಕಿಟಕಿಯ ಹತ್ತಿರ ಎಳೆದುಕೊಂಡು, ಪ್ರತಿಯೊಂದು ಹಲ್ಲೂ ಎಣಿಸುವಷ್ಟು ಸ್ಪಷ್ಟವಾಗಿ.

"ಎಷ್ಟು ಶ್ರದ್ಧೆಯೇ ನಿಂದು. ಲೆಕ್ಕದಲ್ಲಿ ಇಷ್ಟಿದ್ದಿದ್ದರೆ ಪಾಸಾಗ್ತಿದ್ದೆ" ಎಂದು ಟೀಚರ್ ನನ್ನ ಬೆನ್ನು ತಟ್ಟಿದರು.

ಮುಂದಿನ ವಾರ ಆ ಮೆತ್ತನೆಯ ದನಿ ಮತ್ತೆ ಕರೆ ಮಾಡಿತು. "ಅಕ್ಕಾ, ಈ ಸಲ ಬೇರೆ ಪ್ರೊಫೈಲ್. ನಲವತ್ತರಿಂದ ನಲವತ್ತೈದು, ಮಕ್ಕಳಿಲ್ಲ, ಸ್ವಂತ ಗಾಡಿ ಇಲ್ಲ, ಮಧ್ಯಮ ಎತ್ತರ. ಊರಿನ ಆ ತುದಿಯಲ್ಲಿ ಪರದೆ ಬಟ್ಟೆಯ ಅಂಗಡಿ. ಗುರುವಾರ ಸರಿಯಾಗಿ ಹನ್ನೊಂದಕ್ಕೆ ಅಲ್ಲಿರಬೇಕು. ಒಳಗೆ ಹೋಗೋವಾಗ ಫೋನ್ ಆಫ್ ಮಾಡಿರಬೇಕು."

ಆರು ವರ್ಷ ಕಾದ ಮೇಲೆ ಜಗತ್ತಿಗೆ ನನ್ನಂಥ ಹೆಂಗಸೇ ಬೇಕಾಗಿದ್ದಳು. ಖುಷಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಗುರುವಾರ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ಹೋದೆ. ಹೊರಡುವಾಗ ಟೀಚರ್ ಮೇಲಿನ ಕಿಟಕಿಯಿಂದ ಕೈ ಬೀಸಿದರು.

ಹೇಳಿದ ವಿಳಾಸದಲ್ಲಿ ಕಬ್ಬಿಣದ ಬಾಗಿಲು ಎಳೆದಿತ್ತು. ಅದರ ಮೇಲೆ ಧೂಳು, ಧೂಳಿನ ಮೇಲೆ ಬಾಡಿಗೆಗೆ ಇದೆ ಎಂಬ ಚೀಟಿ. ಪಕ್ಕದಲ್ಲಿ ಚಪ್ಪಲಿ ಹೊಲಿಯುವವನನ್ನು ಕೇಳಿದೆ.

"ಪರದೆ ಅಂಗಡಿನಾ? ಅದು ಮುಚ್ಚಿ ವರ್ಷ ಆಯ್ತಲ್ಲಮ್ಮ."

ಮೊದಲು ಬಂದದ್ದು ಸಿಟ್ಟು. ಇಷ್ಟು ದೂರ ಅಲೆಸಿದರಲ್ಲ ಎಂದು ಫೋನ್ ಆನ್ ಮಾಡಿ ಏಜೆನ್ಸಿಗೆ ಕರೆ ಮಾಡಿದೆ. ಅವಳು ಮೊದಲ ರಿಂಗಿಗೇ ಎತ್ತಿದಳು, ನನ್ನ ಕರೆಗೇ ಕಾದಿದ್ದವಳ ಹಾಗೆ.

"ಅಂಗಡಿಯೇ ಇಲ್ಲವಲ್ಲಮ್ಮ ಇಲ್ಲಿ! ಇದೆಂಥ ಕೆಲಸ?"

"ಹೌದಾ ಅಕ್ಕಾ? ಸ್ವಲ್ಪ ಹೊತ್ತು ಅಲ್ಲೇ ಇರಿ. ಹನ್ನೆರಡೂವರೆವರೆಗೂ ಇದ್ದರೆ ಸಾಕು."

ಅವಳಿಗೆ ಬೇಕಿದ್ದದ್ದು ನಾನು ಮನೆಯಿಂದ ದೂರ ಇರುವುದು ಎಂದು ಆಗ ಹೊಳೆಯಿತು. ಯಾಕೋ ನನ್ನ ಬಾಯಿಂದ ಬಂದದ್ದು ತಪ್ಪೊಪ್ಪಿಗೆ. "ನೋಡಮ್ಮ, ಆ ಮೂರು ಕೆಲಸ ಮಾಡಿದ್ದು ನಾನಲ್ಲ. ನಾನು ಆ ಪ್ರೊಫೈಲಿಗೆ ಹೊಂದಲ್ಲ. ಅದನ್ನೆಲ್ಲ ಅಳಿಸಿಹಾಕಿಬಿಡಿ."

ಅವಳು ಸಣ್ಣಗೆ ನಕ್ಕಳು. "ನೀವು ಹೊಂದಲ್ಲ ಅಂತ ಮೊದಲ ದಿನವೇ ಗೊತ್ತಿತ್ತು ಅಕ್ಕಾ. ಹೊಂದೋರು ತಮ್ಮ ಬಗ್ಗೆ ತಾವೇ ಇಷ್ಟು ವಿವರವಾಗಿ ಬರೆಯಲ್ಲ. ಹತ್ತಿರದವರು ಬರೀತಾರೆ." ಫೋನ್ ಕಟ್ಟಾಯಿತು.

ಟೀಚರ್‌ಗೆ ಕರೆ ಮಾಡಿದೆ. ಫೋನ್ ರಿಂಗಾಗುತ್ತಲೇ ಇತ್ತು. ಅವರು ಫೋನನ್ನು ಮುಂದಿನ ಕೋಣೆಯಲ್ಲಿ ಬಿಟ್ಟಿರುತ್ತಾರೆ, ಬೆಳಗ್ಗೆ ಹನ್ನೊಂದಕ್ಕೆ ಅಡುಗೆಮನೆಯಲ್ಲಿರುತ್ತಾರೆ, ನಲ್ಲಿ ಬಿಟ್ಟರೆ ಏನೂ ಕೇಳಿಸುವುದಿಲ್ಲ. ಇದನ್ನೂ ನಾನೇ ಬರೆದುಕೊಟ್ಟಿದ್ದೆ. ಯಜಮಾನರಿಗೆ ಫೋನ್ ಮಾಡಿದೆ, ಅವರು ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತಿರುವ ಹೊತ್ತು, ಎತ್ತಲಿಲ್ಲ. ಪೊಲೀಸರಿಗೆ ವಿಳಾಸ ಹೇಳಿದೆ. ಏನಾಗಿದೆ ಎಂದು ಕೇಳಿದರು. ಇನ್ನೂ ಏನೂ ಆಗಿಲ್ಲ, ಆಗುತ್ತದೆ ಎಂದೆ. ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ವಿಳಾಸವನ್ನೇ ಇನ್ನೊಮ್ಮೆ ಹೇಳಿ ಫೋನ್ ಇಟ್ಟೆ.

ಟ್ಯಾಕ್ಸಿ ಹಿಡಿದೆ. ಪ್ರತಿ ಸಿಗ್ನಲ್ಲಿನಲ್ಲೂ ಕೆಂಪು. ಚಾಲಕನ ತಲೆ ತಿಂದೆ, ಕೊನೆಗೆ ಅವನೇ ಬೇಸತ್ತು "ಹಾರೋಕೆ ನನಗೆ ರೆಕ್ಕೆ ಇಲ್ಲಮ್ಮ" ಎಂದ. ಒಂದೇ ಒಂದು ಆಸೆಯಿತ್ತು. ಟೀಚರ್‌ಗೆ ಏನೂ ಆಗದಿರಲಿ. ಬೇಕಾದರೆ ಮನೆಯನ್ನೆಲ್ಲ ದೋಚಿಕೊಂಡು ಹೋಗಲಿ, ಅವರೊಬ್ಬರು ಸುಖವಾಗಿರಲಿ. ಹಾಗೆಂದು ಬೇಡಿಕೊಳ್ಳುವಾಗಲೂ ನನ್ನ ತಲೆ ತನ್ನ ಪಾಡಿಗೆ ನಿಮಿಷ ಎಣಿಸುತ್ತಿತ್ತು. ಆ ಅಭ್ಯಾಸದ ಮೇಲೆ ನನಗೇ ಹೇಸಿಗೆಯಾಯಿತು.

ಮೆಟ್ಟಿಲು ಹತ್ತಿ ಹೋಗುವಾಗ ಎರಡನೇ ಮಹಡಿಯಲ್ಲಿ ಸದ್ದಿರಲಿಲ್ಲ. ಬಾಗಿಲು ಮುಚ್ಚಿತ್ತು. ಹೊಸ ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಎರಡೂ ಕೈಯಿಂದ ಬಾಗಿಲು ಬಡಿದೆ. ತುಂಬಾ ಹೊತ್ತಾದ ಮೇಲೆ ಒಳಗೆ ಹೆಜ್ಜೆ ಸದ್ದು ಕೇಳಿತು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ಸರಪಳಿಗೆ ತಡೆದು ನಿಂತಿತು.

ಟೀಚರ್ ನಿಂತಿದ್ದರು. ಇದ್ದಾರೆ, ನಿಂತಿದ್ದಾರೆ, ಮೈಮೇಲೆ ಗಾಯವಿಲ್ಲ! ನನಗೆ ಅಳು ಒತ್ತಿಕೊಂಡು ಬಂತು.

"ಟೀಚರ್, ಬಾಗಿಲು ತೆಗೀರಿ. ಯಾರಾದರೂ ಬಂದಿದ್ರಾ?"

ಅವರು ಸರಪಳಿ ತೆಗೆಯಲಿಲ್ಲ. "ಬಂದಿದ್ದ. ಪಾತ್ರೆ ತೊಳೀತಿದ್ದೆ. ತಿರುಗಿದರೆ ಅಡುಗೆಮನೆಯಲ್ಲೇ ನಿಂತಿದ್ದಾನೆ, ಕೈಯಲ್ಲಿ ಬೀಗದಕೈ. ನನ್ನ ಮೂರೂ ಮನೆಯಲ್ಲೇ ಇವೆ. ಕಿರುಚೋಕೂ ಆಗಲಿಲ್ಲ. ಅವನು ಸುತ್ತಿಕೊಂಡು ಬಂದು ನನ್ನ ಎಡಗಡೆ ನಿಂತ್ಕೊಂಡ. 'ಈ ಕಡೆಯಿಂದ ಹೇಳಿದರೆ ನಿಮಗೆ ಕೇಳ್ಸುತ್ತಲ್ವಾ ಟೀಚರ್' ಅಂದ."

ಯಾವ ಕಿವಿ ಕೇಳುವುದಿಲ್ಲ ಎಂದು ಫಾರ್ಮಿನಲ್ಲಿ ತುಂಬಿಕೊಟ್ಟವಳು ನಾನೇ.

"ಬೀರು ಎಲ್ಲಿದೆ ಅಂತ ಕೇಳಲಿಲ್ಲ. ಸೀದಾ ಹೋಗಿ ಮನೆ ಪತ್ರ ತಗೊಂಡ. ಇನ್ನೊಂದು ಕಾಗದ ಮುಂದಿಟ್ಟು ಸಹಿ ಹಾಕಿ ಅಂದ. ಹಾಕಲ್ಲ ಅಂದೆ. ಅವಸರ ಇಲ್ಲ ಟೀಚರ್, ಸಹಿಗೆ ಇನ್ನೊಂದು ದಿನ ಬರ್ತೀನಿ ಅಂದು ಹೋದ. ಗಾಬರಿ ಇಲ್ಲ, ಆತುರ ಇಲ್ಲ. ನೆಂಟರ ಮನೆಯಿಂದ ಹೊರಟ ಹಾಗೆ."

"ಟೀಚರ್, ನನ್ನ ಮಾತು ಕೇಳಿ, ಮೊದಲು ಪೊಲೀಸರಿಗೆ..."

"ಹೇಳಿದ್ದೀನಿ. ಬರ್ತಿದ್ದಾರೆ." ಅವರು ಒಂದು ಹಾಳೆಯನ್ನು ಬಾಗಿಲ ಸಂದಿಗೆ ಹಿಡಿದರು. "ಇದನ್ನ ಮೇಜಿನ ಮೇಲೆ ಇಟ್ಟು ಹೋದ. ಬೇಕಂತಲೇ ಬಿಟ್ಟು ಹೋದ. ಮೇಲೆ ನಿನ್ನ ಹೆಸರಿದೆ. ಹೆಸರಿಲ್ಲದಿದ್ದರೂ ನನಗೆ ಗೊತ್ತಾಗ್ತಿತ್ತು, ನಿನ್ನ ವಾಕ್ಯ ನಾನು ತಿದ್ದಿಲ್ವಾ?" ಕನ್ನಡಕ ಸರಿಮಾಡಿಕೊಂಡು ತರಗತಿಯಲ್ಲಿ ಓದುವಂತೆ ಓದಿದರು. "'ಇವರಿಗೆ ಫೋನ್ ಮಾಡುವವರು ಯಾರೂ ಇಲ್ಲ. ಭಾನುವಾರ ಕೂಡ ಯಾರೂ ಬರುವುದಿಲ್ಲ. ಇವರು ನಂಬುವುದು ಕೆಳಗಿನ ಮನೆಯವಳೊಬ್ಬಳನ್ನು.'"

ಆ ಕೊನೆಯ ಸಾಲು ಬರೆದಾಗ ನನಗೆ ಹೆಮ್ಮೆಯಾಗಿತ್ತು. ಅದೂ ನಿಜ, ಹೇಳಿಬಿಡುತ್ತೇನೆ.

"ನನಗೆ ಗೊತ್ತಿರಲಿಲ್ಲ ಟೀಚರ್. ನಿಮ್ಮಾಣೆ ಗೊತ್ತಿರಲಿಲ್ಲ. ಅವರು ಕೇಳಿದರು, ನಾನು ಬರೆದೆ, ಅಷ್ಟೇ."

ಟೀಚರ್ ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ಕಾಲು ಹಿಡಿದಾದರೂ ಕೇಳಿಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಅವರಿಗೆ ನನ್ನನ್ನು ಕಂಡು ಭಯವಾಗಿತ್ತು.

"ಮತ್ತೆ ಬರ್ತೀನಿ ಅಂದಿದ್ದಾನೆ" ಎಂದರು ಮೆಲ್ಲಗೆ. "ಯಾವತ್ತು ಅಂತ ನೀನೇ ಹೇಳು."

ನಾನು ಬಾಯಿ ತೆರೆಯುವ ಮೊದಲೇ ಬಾಗಿಲು ಮುಚ್ಚಿತು. ಬೀಗದಕೈ ಎರಡು ಸಲ ತಿರುಗಿತು. ಆಮೇಲೆ ಒಳಗಿಂದ ಭಾರದ್ದೇನನ್ನೋ ನೆಲದ ಮೇಲೆ ಎಳೆಯುವ ಸದ್ದು, ನಡುನಡುವೆ ಅವರು ಏದುಸಿರು ಬಿಡುತ್ತಾ ನಿಲ್ಲುವುದು, ಮತ್ತೆ ಎಳೆಯುವುದು. ಬಾಗಿಲಿಗೆ ಮೇಜು ಬಂದು ತಾಗಿತು. ಆ ವಯಸ್ಸಿನಲ್ಲಿ ಒಬ್ಬರೇ ಅಷ್ಟು ಭಾರ ಎಳೆಯಬಾರದು ಎಂದು ಕೂಗಿ ಹೇಳಿದೆ. ಅವರು ಯಾವ ಕಿವಿಯನ್ನು ಬಾಗಿಲ ಕಡೆ ತಿರುಗಿಸಿದ್ದರೋ, ಉತ್ತರ ಬರಲಿಲ್ಲ.