ಚರಣವಿಲ್ಲದ ಹನ್ನೊಂದು ಕೃತಿಗಳು

ಸಂಗೀತ ಸಭೆಯ ನೆನಪಿನ ಸಂಚಿಕೆಯ ಪ್ರೂಫಿನ ನಲವತ್ತೊಂದನೇ ಪುಟದಲ್ಲಿ ತನುಜಳ ತಾತ ಹುಚ್ಚನಾಗಿದ್ದ.

“ಹುಚ್ಚ ಅಂತ ಎಲ್ಲಿ ಬರ್ದಿದೀನಮ್ಮ? ವಿಲಕ್ಷಣ ಅಂತ ಬರ್ದಿದೀನಿ. ಗೌರವದ ಮಾತು ಅದು,” ಎಂದರು ನರಸಿಂಹಮೂರ್ತಿ. ಚಿಂತಾಮಣಿಯ ನಿವೃತ್ತ ಲೆಕ್ಚರರ್, ಸಭೆಯ ಕಾರ್ಯದರ್ಶಿ.

ಲೇಖನದ ಹೆಸರು ‘ವಾಗ್ಗೇಯಕಾರರ ವಿಚಿತ್ರ ಬದುಕು’. ವೀಣೆಗೆ ಕಂಬಳಿ ಹೊದಿಸಿ ಮಲಗಿಸುತ್ತಿದ್ದ ಒಬ್ಬರು, ಕಾಗೆ ಕೂಗದಿದ್ದರೆ ಆ ದಿನ ಪದ ಕಟ್ಟದ ಇನ್ನೊಬ್ಬರು, ಅವರ ಕೆಳಗೆ ವೆಂಕಟರಾಯಪ್ಪ: ‘ಶಿಷ್ಯೆಯ ಮನೆಯೊಳಗೆ ಎಂದೂ ಕಾಲಿಡದೆ ಕಿಟಕಿಯಾಚೆ ನಿಂತೇ ಪಾಠ ಹೇಳುತ್ತಿದ್ದ ಹಠಮಾರಿ. ಪಲ್ಲವಿ, ಅನುಪಲ್ಲವಿ ಹಾಡಿ, ಚರಣದ ಹೊತ್ತಿಗೆ ಮನಸ್ಸು ಬದಲಾಗಿ ಹೊರಟುಬಿಡುತ್ತಿದ್ದರು. ಹೀಗಾಗಿ ಅವರ ಹನ್ನೊಂದು ಕೃತಿಗಳೂ ಅಪೂರ್ಣ.’

ಆ ಹನ್ನೊಂದು ಚರಣಗಳೂ ತನುಜಳ ತೊಡೆಯ ಮೇಲಿನ ನೋಟ್‌ಬುಕ್ಕಿನಲ್ಲಿದ್ದವು. ಒಂದು ವರ್ಷದ ಭಾನುವಾರಗಳಲ್ಲಿ ತಾತನ ಹೆಂಡತಿ ಕೊಂಡಮ್ಮಜ್ಜಿ ಹಾಡಿದ್ದು, ಮೊಮ್ಮಗಳು ಬರೆದದ್ದು. ಅವನ್ನು ಕೊಡಲೆಂದೇ ಕುಡುಮಲಕುಂಟೆಯ ಗಾರ್ಮೆಂಟ್ಸಿಗೆ ರಜೆ ಹಾಕಿ ಎರಡು ಬಸ್ಸು ಬದಲಿಸಿ ಬಂದಿದ್ದಳು.

“ಸಾರ್, ತಾತ ಹಠಕ್ಕೆ ಹೊರಗೆ ನಿಂತಿದ್ದಲ್ಲ. ಒಳಗೆ ಬಿಡ್ತಿರಲಿಲ್ಲ. ನಾವು ಮಾದಿಗರು, ತಾತ ನಿಮ್ಮಜ್ಜನ ಮನೇಲಿ ಜೀತಕ್ಕಿದ್ರು. ನಿಮ್ಮನೆಗೆ ಬರ್ತಿದ್ದ ಮೇಷ್ಟ್ರ ಪಾಠನ ಆ ಕಿಟಕಿ ಆಚೆ ನಿಂತೇ ಕದ್ದು ಕಲ್ತಿದ್ದು. ಮೇಷ್ಟ್ರು ಬರೋದು ನಿಂತ ಮೇಲೆ ಅಲ್ಲೇ ನಿಂತು ಹೇಳ್ಕೊಟ್ರು. ಚರಣಕ್ಕೆ ಬರೋ ಹೊತ್ತಿಗೆ ಒಳಗೆ ಊಟಕ್ಕೆ ಎಲೆ ಹಾಕ್ತಿದ್ರು, ಕಿಟಕಿ ಮುಚ್ತಿದ್ರು. ನಮ್ಮ ದನಿ ಅನ್ನದ ಮೇಲೆ ಬೀಳಬಾರದಲ್ಲ.”

ನರಸಿಂಹಮೂರ್ತಿ ಕನ್ನಡಕ ತೆಗೆದರು. “ಕಲಿತೋರು ನಮ್ಮಮ್ಮ. ಅವರ ಬಾಯಲ್ಲೇ ಕೇಳಿದೀನಿ. ಒಳಗೆ ಬಾ ಅಂತ ಕರೆದ್ರೂ ಬರ್ತಿರಲಿಲ್ವಂತೆ. ನಮ್ಮಮ್ಮ ಸುಳ್ಳು ಹೇಳಿದ್ರು ಅಂತೀಯ?”

“ಅವರಿಗಾಗ ಒಂಬತ್ತು ವರ್ಷ ಸಾರ್. ಅವರು ಕರೆದ್ರು ಅಂತ ತಾತ ಒಳಗೆ ಬಂದಿದ್ರೆ, ನಿಮ್ಮಜ್ಜ ಸುಮ್ನೆ ಬಿಡ್ತಿದ್ರಾ?”

ಅವರು ಪೆನ್ನು ಹಿಡಿದರು. “ಸರಿ, ‘ಅಂದಿನ ಪದ್ಧತಿಯಂತೆ ಹೊರಗೆ ನಿಂತು’ ಅಂತ ಮಾಡೋಣ.”

“ಪದ್ಧತಿ ಎದ್ದು ಬಂದು ಕಿಟಕಿ ಮುಚ್ಚುತ್ತಾ ಸಾರ್? ಅದಕ್ಕೊಂದು ಕೈ ಬೇಕು.”

“ನೋಡಮ್ಮ, ಕಲೆಗೆ ಜಾತಿ ಇಲ್ಲ.”

ಈ ಮಾತನ್ನು ಹೇಳುವವರು ಯಾವಾಗಲೂ ಒಳಗೆ ಕೂತೇ ಹೇಳುತ್ತಾರೆ. ಹೊರಗೆ ನಿಂತವನು ಹೇಳಿದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಕೇಳಿಲ್ಲ.

“ಒಂದೇ ಒಂದು ವಾಕ್ಯ ಸಾರ್. ಒಳಗೆ ಬಿಡ್ಲಿಲ್ಲ ಅಂತ ಹಾಕಿ. ಹನ್ನೊಂದೂ ಇಲ್ಲೇ ಬಿಟ್ಟು ಹೋಗ್ತೀನಿ.”

“ನಮ್ಮಮ್ಮನ ನೆನಪಿಗೆ ತರ್ತಿರೋ ಸಂಚಿಕೆ ಇದು. ಇದ್ರಲ್ಲೇ ಅವರ ಮನೇನ...” ಅವರು ತಾಯಿಯ ಹೆಸರಿದ್ದ ಮೊದಲ ಪುಟವನ್ನು ಅಂಗೈಯಲ್ಲಿ ಸವರಿದರು. ತನುಜಳಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು. ಸತ್ತವರ ನೆನಪು ಅವರೊಬ್ಬರಿಗೇ ಇರುವುದೇ? ನೋಟ್‌ಬುಕ್ಕನ್ನು ಬ್ಯಾಗಿಗೆ ತುರುಕಿ ಎದ್ದಳು.

“ನೀನೂ ನಿಮ್ಮ ತಾತನ ಹಂಗೇ,” ಎಂದರು ಬಾಗಿಲವರೆಗೆ ಬಂದು. ಬೇಸರದಿಂದಲೇ ಹೇಳಿದರು.

ಶಿಡ್ಲಘಟ್ಟದ ಮಗ್ಗುಲ ತಮ್ಮೂರಿನಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಕೊಂಡಮ್ಮಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಡೆದದ್ದೆಲ್ಲ ಕೇಳಿದಳು. ತಾತನ ಮಾನ ಉಳಿಸಿದೆ ಎಂದು ತಲೆ ಸವರುತ್ತಾಳೆಂದು ತನುಜ ಕಾದಳು.

“ಹನ್ನೊಂದೂ ವಾಪಸ್ ತಂದ್ಯಾ?”

“ಸುಳ್ಳಿನ ಜತೆ ಅಚ್ಚಾಗ್ಬೇಕಿತ್ತಾ ಅಜ್ಜಿ?”

“ಸುಳ್ಳು ಅವರ್ದು. ಪೋನೀಲೇ, ಹೋಗ್ಲಿ ಬಿಡು. ಹಾಡು ನಿಮ್ಮ ತಾತಂದು. ನಿನ್ನ ಪುಸ್ತಕದಲ್ಲಿರೋದು ಬರೀ ಅಕ್ಷರ ಕಣಮ್ಮ, ರಾಗ ಇರೋದು ನನ್ನ ಗಂಟ್ಲಲ್ಲಿ. ಆ ಸಭೇಲಿ ಹಾಡೋರು ಇದಾರೆ, ಅಚ್ಚಾಗಿದ್ರೆ ನನ್ನ ಹತ್ರ ಬಂದು ಕೇಳಿಸ್ಕೊಂಡು ಹಿಡೀತಿದ್ರು. ನಂಗೆ ಎಂಬತ್ತೇಳು. ನಾಳೆ ನಾ ಹೋದ್ರೆ?”

ತನುಜಳ ಕೋಪ ನ್ಯಾಯವಾದದ್ದು, ಅಜ್ಜಿಯ ಮಾತೂ ನ್ಯಾಯವಾದದ್ದು. ನ್ಯಾಯವೆಲ್ಲ ತಮ್ಮ ಮನೆಯಲ್ಲೇ ಹೀಗೆ ಒಂದನ್ನೊಂದು ಹರಿದು ತಿನ್ನಬೇಕೆ? ಅಲ್ಲಿ ಆ ಮನುಷ್ಯ ಹಾಯಾಗಿ ಪ್ರೂಫ್ ತಿದ್ದುತ್ತಿರಬೇಕು.

“ನಂಗೇ ಹೇಳ್ಕೊಡು,” ಎಂದಳು.

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ನಿಂಗಾ? ಮದುವೆ ಮನೇಲಿ ಸೋಬಾನೆ ಹೇಳು ಅಂದ್ರೆ ಓಡ್ಹೋಗ್ತಿದ್ದೋಳು.”

“ಹೇಳ್ಕೊಡಜ್ಜಿ.”

ಮುಖಾರಿ ರಾಗದ ಮೊದಲ ಸಾಲು ಹಾಡಿ, ಅಜ್ಜಿ ತೊಡೆ ತಟ್ಟಿದಳು. ತನುಜ ಬಾಯಿ ತೆರೆದಳು. ದಿನಾ ಮಿಷನ್ನುಗಳ ಸದ್ದಿನ ಮೇಲೆ ಕಿರುಚಿ ಮಾತಾಡುವ ಗಂಟಲು ಎರಡನೇ ಪದಕ್ಕೇ ಒಡೆಯಿತು.

“ಕುಕ್ಕರ್ ವಿಷಲ್ ಹಾಕ್ದಂಗಿದೆ. ಇನ್ನೊಂದ್ಸಲ.”

ಮತ್ತೆ ಹಾಡಿದಳು. ಮತ್ತೆ ತಪ್ಪಿತು. ಪಕ್ಕದ ಮನೆಯ ಮಂಗಮ್ಮ ಇಣುಕಿ ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು. ತನುಜಳ ಕಣ್ಣು ತುಂಬಿತು, ನಾಚಿಕೆಗೋ ರೋಷಕ್ಕೋ.

“ಅಳೋದು ಆಮೇಲೆ,” ಅಂದಳು ಕೊಂಡಮ್ಮಜ್ಜಿ, ಸುಲಿದ ಕಾಳನ್ನು ಪಕ್ಕಕ್ಕೆ ಸರಿಸುತ್ತ. “ಹತ್ತು ಹಂಗಿರ್ಲಿ, ಇದೊಂದಾದ್ರೂ ಹಿಡಿ. ಹೇಳು.”