ಒಂಬತ್ತನೆಯ ದೀಪ

ತನ್ನ ಹೊಲಿಗೆ ಕೋಣೆಯಿಂದ ತಮ್ಮನ ಮನೆಗೆ ಹೋಗುವ ಕಲ್ಲುಹಾಸಿನ ದಾರಿ ಒಂದು ಪದ್ಯದಷ್ಟು ದೂರ ಎಂದು ಅಕ್ಕನ ಲೆಕ್ಕ. ಸಂಜೆ ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿ, ಚಿಲಕ ಹಾಕಿ, ಅಮ್ಮ ಬಾಯಿಪಾಠ ಮಾಡಿಸಿದ್ದ ದೇವರ ಪದ್ಯ ಹೇಳಿಕೊಳ್ಳುತ್ತ ಹೊರಟರೆ, ಕೊನೆಯ ಸಾಲಿಗೆ ಸರಿಯಾಗಿ ತಮ್ಮನ ಹೊಸ್ತಿಲು ಸಿಗುತ್ತಿತ್ತು. ದಾರಿಯ ಅಂಚಿನ ಮೊಣಕಾಲೆತ್ತರದ ದೀಪಗಳನ್ನು ನೆಟ್ಟವನು ತಮ್ಮನೇ. ಹನ್ನೆರಡು ವೋಲ್ಟಿನ ಆಟಿಕೆಗೆಲ್ಲ ಎಲೆಕ್ಟ್ರಿಷಿಯನ್ ಯಾಕೆ ಎಂದು ಆಗ ಬೀಗಿದ್ದ.

ಈಚೆಗೆ ಪದ್ಯ ಒಂದು ಸಲಕ್ಕೆ ಸಾಲುತ್ತಿರಲಿಲ್ಲ. ಅಕ್ಕ ಕಣ್ಣಿನ ಪೊರೆ ತೆಗೆಸಿಕೊಂಡು ವರ್ಷವಾಗಿತ್ತು; ಬೆಳಕು ಮಂಕಾದರೆ ತಡಮಾಡದೆ ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವಳ ಬಾಗಿಲ ಕಡೆಯ ದೀಪಗಳು ತಿಂಗಳಿಂದ ತಿಂಗಳಿಗೆ ಮಂಕಾಗುತ್ತಲೇ ಇದ್ದವು. ದೀಪ ಯಾಕೋ ಸಪ್ಪಗಿವೆಯಲ್ಲ ಎಂದು ಒಮ್ಮೆ ತಮ್ಮನನ್ನು ಕೇಳಿದ್ದಳು. ಅವನು ತಟ್ಟೆಯಿಂದ ಮುಖ ಎತ್ತದೆ, "ಚೆನ್ನಾಗೇ ಉರೀತಿವೆಯಲ್ಲಕ್ಕ" ಎಂದಿದ್ದ.

ಹಾಗಾದರೆ ಮಂಕಾಗಿರುವುದು ತನ್ನ ಕಣ್ಣೇ ಎಂದು ಅವಳು ಅಂದೇ ತೀರ್ಮಾನಿಸಿಕೊಂಡಿದ್ದಳು. ಡಾಕ್ಟರ ಬಳಿ ಹೋಗಲು ಕಾಲೇಳಲಿಲ್ಲ. ಯಾರದೋ ಬಟ್ಟೆಗೆ ತಪ್ಪು ಕತ್ತರಿ ಹಾಕುವ ಮೊದಲು ತಾನಾಗಿ ಕೈಬಿಡೋಣವೆಂದು, ಮೂವತ್ತು ವರ್ಷ ತುಳಿದ ಮಿಷನ್ನನ್ನು ಒಯ್ಯಲು ಶಿಷ್ಯೆಗೆ ನಾಳೆ ಬರಹೇಳಿದ್ದಳು. ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ.

ನಿನ್ನೆ ತುದಿಯ ದೀಪ ಪೂರ್ತಿ ಆರಿತು. ಇವತ್ತು ತಮ್ಮನ ಹೆಂಡತಿ, ಬೇಡವೆಂದ ಗಂಡನ ಮಾತಿಗೆ ಕಿವಿಗೊಡದೆ ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಕಿವಿಯ ಮೇಲೆ ಸದಾ ಟೆಸ್ಟರು ಸಿಕ್ಕಿಸಿಕೊಳ್ಳುವವನಾದ್ದರಿಂದ ಅವನನ್ನು ಎಲ್ಲರೂ ಟೆಸ್ಟರ್ ಅಂತಲೇ ಕರೆಯುತ್ತಿದ್ದರು.

ಅವನು ಮೀಟರು ಹಿಡಿದು ತಮ್ಮನ ಗೋಡೆಯ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯಿಂದ ಶುರುಮಾಡಿ ದೀಪದಿಂದ ದೀಪಕ್ಕೆ ಕುಕ್ಕರಗಾಲಲ್ಲೇ ಸರಿದ. ಪೆಟ್ಟಿಗೆಯಲ್ಲಿ ಹನ್ನೆರಡು ವೋಲ್ಟು. ಐದನೆಯ ದೀಪದಲ್ಲಿ ಹತ್ತು. ಎಂಟನೆಯದರಲ್ಲಿ ಏಳು. ಅದರಾಚೆ ಮಣ್ಣು ಕೆದಕಿದರೆ, ಬರೀ ಟೇಪು ಸುತ್ತಿದ ತಂತಿಯ ಗಂಟು ಹಸಿರುಗಟ್ಟಿ ಕೈಗೇ ಕಿತ್ತುಬಂತು.

"ಸಾರ್, ಇದು ಐದು ದೀಪದ ಪೆಟ್ಟಿಗೆ. ಬಾಲಕ್ಕೆ ಬಾಲ ಕಟ್ಟಿ ಒಂಬತ್ತು ಮಾಡಿದ್ದೀರಲ್ಲ. ಒಂದೊಂದು ಸೇರಿಸಿದಷ್ಟೂ ತುದಿಗೆ ಕರೆಂಟು ಕಮ್ಮಿ ಆಗುತ್ತೆ," ಎಂದ.

ಅಕ್ಕ ಹತ್ತಿರ ಬಂದು, ಏಳಕ್ಕೆ ದೀಪ ಹೇಗೆ ಉರಿಯುತ್ತದೆ ಎಂದು ಮೆಲ್ಲಗೆ ಕೇಳಿದಳು.

"ಉರಿಯೋದೆಲ್ಲಿ ಬಂತಮ್ಮಾ, ಕೆಂಪಗೆ ಕಣ್ಣು ಬಿಟ್ಕೊಂಡಿರುತ್ತೆ. ಯಾರು ನೋಡಿದ್ರೂ ಮಂಕೇ."

ಅವಳು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಆಮೇಲೆ ತಮ್ಮನ ಕಡೆ ತಿರುಗಿದಳು. "ನಿನಗೂ ಮಂಕಾಗೇ ಕಾಣ್ತಿತ್ತೇನೋ?"

"ಕಾಣ್ತಿತ್ತು. ನಾನೇ ಹಾಕಿದ್ದು ಕೆಟ್ಟಿದೆ ಅನ್ನೋಕೆ ನಾಚಿಕೆಯಾಯ್ತು."

ತಡವರಿಸುತ್ತ ಮಿಕ್ಕಿದ್ದನ್ನೂ ಹೇಳಿದ. ಸಂಜೆ ಅಡುಗೆಮನೆಯ ಕಿಟಕಿಯಲ್ಲಿ ಅವಳ ಪದ್ಯ ಕೇಳಿಸುತ್ತಿತ್ತಂತೆ. ಅದು ಎರಡನೆಯ ಸಲ ಶುರುವಾದರೆ, ಅಕ್ಕ ಎಲ್ಲೋ ಕಾಲಿಂದ ಕಲ್ಲು ತಡವುತ್ತಿದ್ದಾಳೆ ಎಂದು ಅರ್ಥ. ಮರುದಿನವೇ ಅವಳ ಬಾಗಿಲ ಬಳಿ ಇನ್ನೊಂದು ದೀಪ ನೆಡುತ್ತಿದ್ದ. ಪದ್ಯ ಮತ್ತೂ ಉದ್ದವಾಗುತ್ತಿತ್ತು, ಮತ್ತೊಂದು ನೆಡುತ್ತಿದ್ದ.

ಆಗ ಅವಳೂ ಮಿಷನ್ನಿನ ಸಂಗತಿ ಬಾಯಿಬಿಟ್ಟಳು. ಬೈಯಬೇಕೆಂದಿದ್ದವಳಿಗೆ, ತಮ್ಮನ ಉಗುರುಸಂದಿಯ ಮಣ್ಣು ನೋಡಿ ಬೈಗುಳವೇ ನೆನಪಿಗೆ ಬರಲಿಲ್ಲ.

"ನಾಳೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗು. ಅವರ ಬಾಯಲ್ಲೂ ಕೇಳಿಬಿಡೋಣ," ಎಂದಳು. "ಮಿಷನ್ ಎಲ್ಲೂ ಹೋಗಲ್ಲ."

ಟೆಸ್ಟರ್ ದೊಡ್ಡ ಪೆಟ್ಟಿಗೆ ತಂದು ಕೂರಿಸಿದ. ಆಮೇಲೆ ಸೇರಿಸಿದ್ದ ನಾಲ್ಕು ದೀಪಗಳಿಗೆ ಅಲ್ಲಿಂದಲೇ ದಪ್ಪ ತಂತಿ ಬೇರೆ ಎಳೆದು, ನೀರಿಳಿಯದ ಹಾಗೆ ಗಂಟುಗಳನ್ನು ಮುಚ್ಚಿದ. ಒಂಬತ್ತನೆಯದನ್ನು ಕಿತ್ತುಬಿಡಲೇ ಎಂದು ಕೇಳಿದಾಗ ಅಕ್ಕ ಬೇಡವೆಂದಳು.

ಹೊತ್ತು ಮುಳುಗಿ ದೀಪ ಹತ್ತಿದವು. ಕಲ್ಲಿನ ಸಂದಿಯ ಹುಲ್ಲೂ ಎಳೆ ಎಳೆಯಾಗಿ ಕಂಡಿತು. ಅಕ್ಕ ಚಿಲಕ ಹಾಕಿ, ಪದ್ಯ ಶುರುಮಾಡಿ ನಡೆದಳು. ಹೊಸ್ತಿಲು ಬಂದಾಗ ಇನ್ನೂ ಒಂದು ಸಾಲು ಉಳಿದಿತ್ತು. ಅಲ್ಲೇ ನಿಂತು, ಕಿಟಕಿಯಾಚೆ ನಿಂತವನಿಗೆ ಕೇಳಿಸುವಷ್ಟು ದನಿಯಲ್ಲಿ ಅದನ್ನೂ ಹೇಳಿ ಮುಗಿಸಿದಳು.