ಗಡಿಯಾರದವನ ಉಸಿರು

ಗಡಿಯಾರದವನಿಗೆ ಹೆದರಿಕೆ ಹುಟ್ಟಿದ್ದು ಸೋತಾಗ ಅಲ್ಲ. ಪೋಕರ್ ಆಡಿಯೇ ಹೊಟ್ಟೆ ಹೊರೆಯುತ್ತೇನೆ ಎಂದು ಹೊರಟವನು ವಾರಕ್ಕೆರಡು ದಿನ ಸೋಲದೆ ಇರುತ್ತಾನೆಯೇ? ಹೆದರಿಕೆ ಹುಟ್ಟಿದ್ದು ಒಳ್ಳೆಯ ಎಲೆ ಬಂದಾಗ. ಅವನ ಕೈಗೆ ಒಳ್ಳೆಯ ಎಲೆ ಬಂತೆಂದರೆ ಸಾಕು, ಮೇಜಿನ ಸುತ್ತ ಕೂತವರೆಲ್ಲ ಒಬ್ಬೊಬ್ಬರಾಗಿ ತಮ್ಮ ಎಲೆ ಕೆಳಗಿಟ್ಟು ಕೈಕಟ್ಟಿ ಕೂತುಬಿಡುತ್ತಿದ್ದರು. ಏನೂ ಇಲ್ಲದೆ ಎಲ್ಲಾ ಇದೆ ಎಂಬಂತೆ ನಟಿಸಿದನೋ, ಅದೇ ಜನ ಪಣದ ಬಿಲ್ಲೆಗಳನ್ನು ಸುರಿದು ‘ತೋರಿಸಪ್ಪಾ ನೋಡೋಣ’ ಎನ್ನುತ್ತಿದ್ದರು. ಮೂರು ತಿಂಗಳಿಂದ ಇದೇ ಪಾಡು. ಯಾರೋ ತನ್ನ ತಲೆಯೊಳಗೆ ಇಣುಕುತ್ತಿದ್ದಾರೆ ಎನ್ನಿಸುತ್ತಿತ್ತು.

ಇಪ್ಪತ್ತೆರಡು ವರ್ಷ ಕೈಗಡಿಯಾರ ರಿಪೇರಿ ಮಾಡಿದವನು ಅವನು. ಎಲ್ಲರ ಜೇಬಿಗೂ ಫೋನು ಬಂದಮೇಲೆ ಗಡಿಯಾರ ಕಟ್ಟುವವರಾರು? ದಿನಕ್ಕೆ ಎರಡು ಬ್ಯಾಟರಿ, ಒಂದು ಬೆಲ್ಟು, ಅಷ್ಟೇ ವ್ಯಾಪಾರ. ಅತ್ತ ಭಾನುವಾರದ ಇಸ್ಪೀಟಿನಲ್ಲಿ ಮಾತ್ರ ನಾಲ್ಕು ವರ್ಷ ಗೆದ್ದದ್ದೇ ಗೆದ್ದದ್ದು. ಕೊನೆಗೆ ಅಂಗಡಿಯನ್ನು ಮಾರಿ, ಬಂದ ಹಣವನ್ನು ಒಂದು ಬಿಸ್ಕತ್ ಡಬ್ಬಿಗೆ ತುಂಬಿ, ‘ಇದು ಆಟದ ದುಡ್ಡು. ಗೆದ್ದದ್ದರಲ್ಲಿ ಮನೆ ನಡೆಸೋಣ. ಡಬ್ಬಿಗೆ ಮಾತ್ರ ಕೈ ಹಾಕೋದು ಬೇಡ’ ಎಂದು ಹೆಂಡತಿಗೆ ಹೇಳಿದ್ದ. ಮೊದಲ ಆರು ತಿಂಗಳು ಹಾಗೇ ನಡೆಯಿತು. ಆಮೇಲೆ ಸೋಲು ಬಂತು, ಸೋಲಿನ ಹಿಂದೆ ಸುಳ್ಳು ಬಂತು. ಡಬ್ಬಿಯಿಂದಲೇ ತೆಗೆದು ‘ಇವತ್ತು ಗೆದ್ದೆ ಕಣೇ’ ಎಂದು ಅವಳ ಕೈಗಿಡುತ್ತಿದ್ದ. ಈಗ ಡಬ್ಬಿಯಲ್ಲಿ ಉಳಿದದ್ದು ಒಂದೇ ಒಂದು ದಿನದ ಆಟಕ್ಕಾಗುವಷ್ಟು. ಅದೂ ಹೋದರೆ ಅಂಗಡಿಯೂ ಇಲ್ಲ, ಆಟವೂ ಇಲ್ಲ, ಅವಳ ಮುಂದೆ ನಿಂತು ಎಲ್ಲವನ್ನೂ ಬಾಯಿ ಬಿಟ್ಟು ಹೇಳಬೇಕು. ಸೋಲಿಗಿಂತ ಆ ಗಳಿಗೆಗೇ ಅವನು ಹೆಚ್ಚು ಹೆದರಿದ್ದ.

ಆಟ ನಡೆಯುತ್ತಿದ್ದದ್ದು ಮಂಚದಂಗಡಿಯ ಮಹಡಿಯ ಮೇಲೆ, ಮಧ್ಯಾಹ್ನ ಎರಡರಿಂದ ಆರರವರೆಗೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಡುವೆ ಒಂದು ದುಂಡು ಮೇಜು ಹಾಕಿದ್ದರು. ಯಾರಾದರೂ ಕೆಮ್ಮಿದರೂ ಆ ಹಾಸಿಗೆಗಳು ಸದ್ದನ್ನು ನುಂಗಿಬಿಡುತ್ತಿದ್ದವು. ಗಡಿಯಾರದವನು ಮೂರು ತಿಂಗಳಲ್ಲಿ ಆ ಕೋಣೆಯಲ್ಲಿ ಹುಡುಕದ ಜಾಗವಿರಲಿಲ್ಲ. ಬೆನ್ನ ಹಿಂದೆ ಕನ್ನಡಿ ಇದೆಯೇ ಎಂದು ನೋಡಿದ. ಎಲೆಗಳ ಅಂಚಿಗೆ ಉಗುರಿನ ಗುರುತಿದೆಯೇ ಎಂದು ತಡವಿದ. ತಾನೇ ಹೊಸ ಕಟ್ಟು ಕೊಂಡು ಹೋಗಿ ಕೊಟ್ಟ, ಅದರಲ್ಲೂ ಸೋತ. ಒಂದು ದಿನ ಬಲ್ಬಿನೊಳಗೆ ಕ್ಯಾಮರಾ ಇದೆಯೇನೋ ಎಂದು ಕುರ್ಚಿ ಹತ್ತಿದಾಗ ಮಂಚದಂಗಡಿಯ ಯಜಮಾನ ಬಿದ್ದು ಬಿದ್ದು ನಕ್ಕ. ‘ಯಾಕಪ್ಪಾ, ಬಲ್ಬೂ ರಿಪೇರಿ ಮಾಡ್ತೀಯಾ?’

ನಗದವರು ಒಬ್ಬರೇ. ಹಲ್ಲಿನ ಡಾಕ್ಟರು. ಬೆಳಿಗ್ಗೆಯೆಲ್ಲ ಜನರ ಬಾಯಿಗೆ ಕೈ ಹಾಕಿ ಮಧ್ಯಾಹ್ನ ಅವರ ಜೇಬಿಗೆ ಕೈ ಹಾಕುವ ಆಸಾಮಿ. ಎಲೆ ನೋಡುವುದಕ್ಕಿಂತ ಎದುರಿಗೆ ಕೂತವನನ್ನು ನೋಡುವುದೇ ಹೆಚ್ಚು. ಕಳೆದ ಗುರುವಾರ ಗಡಿಯಾರದವನ ಕೈಗೆ ಏಳರ ಎಲೆ ನಾಲ್ಕು ಬಂದಿದ್ದವು. ನಾಲ್ಕು! ವರ್ಷಕ್ಕೊಮ್ಮೆ ಬಂದರೆ ಪುಣ್ಯ. ಮುಖವನ್ನು ಕಲ್ಲು ಮಾಡಿಕೊಂಡು ಕೂತಿದ್ದ. ಡಾಕ್ಟರು ಎರಡು ನಿಮಿಷ ಅವನನ್ನೇ ನೋಡಿ, ‘ಇವತ್ತು ಬೇಡಪ್ಪ’ ಎಂದು ತಮ್ಮ ಮೂರು ರಾಜರನ್ನು ಎಲ್ಲರಿಗೂ ಕಾಣುವಂತೆ ಕೆಳಗಿಟ್ಟುಬಿಟ್ಟರು. ಮೂರು ರಾಜ ಹಿಡಿದವನು ಯಾರಾದರೂ ಬಿಟ್ಟುಕೊಡುತ್ತಾನೆಯೇ?

ಅವತ್ತಿನಿಂದ ಅವನು ಮನೆಯಲ್ಲಿ ಬೀರುವಿನ ಕನ್ನಡಿಯ ಮುಂದೆ ಕೂತು ಎಲೆ ಹಿಡಿದು ತನ್ನ ಮುಖವನ್ನೇ ನೋಡಿಕೊಳ್ಳತೊಡಗಿದ. ಹುಬ್ಬು ಅಲ್ಲಾಡುತ್ತದೆಯೇ? ಇಲ್ಲ. ಕಣ್ಣು ಮಿಟುಕುತ್ತದೆಯೇ? ಇಲ್ಲ. ಏನೂ ಇಲ್ಲ ಎನ್ನುವುದೇ ಇನ್ನಷ್ಟು ದಿಗಿಲು ಹುಟ್ಟಿಸಿತು. ಒಂದು ಸಂಜೆ ಹೆಂಡತಿ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಂತದ್ದೂ ಗೊತ್ತಾಗಲಿಲ್ಲ. ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ದಿನಕ್ಕೆ ನೂರು ಸಲ ‘ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಈಗ ಬಿಡಿ’ ಎನ್ನುವುದೇ ಅವಳ ಕಸುಬು.

‘ಎಷ್ಟು ಹೊತ್ತಿಂದ ಕೂತಿದ್ದೀರಿ?’

‘ಈಗಷ್ಟೇ. ಇವತ್ತು ಚೆನ್ನಾಗೇ ಗೆದ್ದೆ ಕಣೇ’ ಎಂದ. ಮೂರು ತಿಂಗಳ ಅಭ್ಯಾಸ, ಸುಳ್ಳು ನೀರು ಕುಡಿದಷ್ಟು ಸಲೀಸಾಗಿ ಬಂತು.

ಅವಳು ಚೀಲ ಕೆಳಗಿಟ್ಟು, ಹೊಲಿಗೆ ಡಬ್ಬಿಯಿಂದ ಗುಂಡಿಗಳನ್ನು ತಂದು ಇಬ್ಬರಿಗೂ ಇಪ್ಪತ್ತಿಪ್ಪತ್ತು ಹಂಚಿದಳು. ‘ಹಾಕಿ ಎಲೆ. ನನ್ನ ಜೊತೆ ಆಡಿ.’

‘ನಿನಗೆಲ್ಲಿ ಬರುತ್ತೆ?’

‘ಬರುತ್ತೋ ಇಲ್ವೋ ನೋಡೋಣ, ಹಾಕಿ.’

ಅರ್ಧ ಗಂಟೆಯಲ್ಲಿ ಅವನ ಗುಂಡಿಗಳೆಲ್ಲ ಅವಳ ಮುಂದಿದ್ದವು. ಯಾವ ಎಲೆಗೆ ಏನು ಬೆಲೆ ಎನ್ನುವುದನ್ನು ನಡುನಡುವೆ ಅವನನ್ನೇ ಕೇಳುತ್ತಿದ್ದಳು, ಆದರೂ ಒಂದು ಸಲವೂ ಮೋಸ ಹೋಗಲಿಲ್ಲ.

‘ಹೇಳೇ, ದಮ್ಮಯ್ಯ ಅಂತೀನಿ. ಏನು ಕಾಣುತ್ತೆ ನನ್ನಲ್ಲಿ?’

ಅವಳು ಗುಂಡಿಗಳನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು. ಹೇಳಲು ಅವಳಿಗೆ ಮನಸ್ಸಿರಲಿಲ್ಲ.

‘ನಿಮ್ಮ ಉಸಿರು’ ಎಂದಳು ಕೊನೆಗೆ. ‘ಗಡಿಯಾರದೊಳಗೆ ಆ ಕೂದಲೆಳೆ ಸ್ಪ್ರಿಂಗ್ ಕೂರಿಸೋವಾಗ ಉಸಿರು ಹಿಡ್ಕೋತಿದ್ರಲ್ಲ, ಹಾರಿಹೋಗಬಾರದು ಅಂತ, ಹಾಗೇ. ಕೈಯಲ್ಲಿ ನಿಜವಾಗ್ಲೂ ಬೆಲೆಯಿರೋದು ಏನಾದ್ರೂ ಇದ್ರೆ ನಿಮ್ಮ ಎದೆ ನಿಂತುಬಿಡುತ್ತೆ. ಬರೀ ಓಳು ಬಿಡೋವಾಗ ಆರಾಮಾಗಿ ಉಸಿರಾಡ್ತೀರಿ.’

‘ಯಾವಾಗಿಂದ ಗೊತ್ತು ನಿನಗೆ?’

‘ನನ್ನ ಮದುವೆಯಾಗ್ತೀಯಾ ಅಂತ ಕೇಳಿದ ದಿನದಿಂದ. ಎಷ್ಟು ಹೊತ್ತು ಹಿಡ್ಕೊಂಡಿದ್ರಿ ಅಂದ್ರೆ, ಈ ಮನುಷ್ಯ ಇಲ್ಲೇ ಬಿದ್ದುಬಿಡ್ತಾನೆ ಅಂದ್ಕೊಂಡೆ.’ ಅವಳು ನಗಲಿಲ್ಲ. ‘ಮೊದಮೊದಲು ಗೆದ್ದೆ ಅಂತ ದುಡ್ಡು ಇಡೋವಾಗ ಹಾಗೇ ನಿಲ್ತಿತ್ತು. ಮೂರು ತಿಂಗಳಿಂದ ನಿಂತಿಲ್ಲ. ಈಗಲೂ ನಿಲ್ಲಲಿಲ್ಲ.’

ಅವನಿಗೆ ಭೂಮಿ ಬಾಯ್ಬಿಟ್ಟರೆ ಸಾಕಿತ್ತು. ಇಷ್ಟು ದಿನ ಯಾವ ಗಳಿಗೆಗೆ ಹೆದರಿ ಸಾಯುತ್ತಿದ್ದನೋ ಅದು ಬಂದು ಎದುರಿಗೆ ಕೂತಿತ್ತು. ಡಬ್ಬಿ ತಂದು ಮುಚ್ಚಳ ತೆಗೆದು ತೋರಿಸಿದ. ಅವಳು ಬೈಯಲಿಲ್ಲ, ಅಳಲಿಲ್ಲ. ‘ಸುಳ್ಳು ಹೇಳಿದ್ರೂ ಗೊತ್ತಾಗುತ್ತಲ್ಲ ಅಂತ ಧೈರ್ಯವಾಗಿದ್ದೆ ರೀ’ ಎಂದಷ್ಟೇ ಹೇಳಿ ಗುಂಡಿಗಳನ್ನು ಹೊಲಿಗೆ ಡಬ್ಬಿಗೆ ತುಂಬಿದಳು.

ಮಾರನೆಯ ದಿನ ಎರಡು ಗಂಟೆಗೆ ಉಳಿದದ್ದನ್ನೆಲ್ಲ ತೆಗೆದುಕೊಂಡು ಮಹಡಿ ಹತ್ತಿದ. ಒಂದೂವರೆ ಗಂಟೆ ಏನೂ ಮಾಡದೆ ಎಲೆ ಬಿಡುತ್ತಾ ಕೂತ. ಆಮೇಲೆ ಒಂದು ಆಟದಲ್ಲಿ ಬಿಲ್ಲೆಗಳು ನಡುವೆ ಗುಡ್ಡೆಬಿದ್ದವು. ಮಿಕ್ಕವರು ಬಿಟ್ಟರು, ಡಾಕ್ಟರು ಮಾತ್ರ ಉಳಿದರು. ಗಡಿಯಾರದವನ ಕೈಯಲ್ಲಿದ್ದದ್ದು ಕಸ. ಜೋಡಿ ಕೂಡ ಇಲ್ಲದ ಶುದ್ಧ ಕಸ. ತನ್ನ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿ ಉಸಿರು ಬಿಗಿಹಿಡಿದ.

ಡಾಕ್ಟರು ಅವನ ಮುಖ ನೋಡಲೇ ಇಲ್ಲ. ಕತ್ತಿನ ಕೆಳಗೆ, ಅಂಗಿಯ ಎರಡನೇ ಗುಂಡಿಯ ಮೇಲೆ ದೃಷ್ಟಿ ನೆಟ್ಟರು. ಅಯ್ಯೋ ದೇವರೇ, ಅವಳು ಹೇಳಿದ್ದು ನಿಜ! ಎದೆಯೊಳಗೆ ಉರಿ ಎದ್ದಿತು, ಕಿವಿ ಗುಯ್ಯೆಂದಿತು. ಈಗ ಉಸಿರು ಬಿಟ್ಟರೆ ಮನೆ ಹೋಯಿತು, ಅವಳು ಹೋದಳು, ಎಲ್ಲಾ ಹೋಯಿತು. ಡಾಕ್ಟರು ಎಲೆಗಳನ್ನು ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ‘ಈ ಮನುಷ್ಯನಿಗೆ ಬಂದಾಗ ದಂಡಿಯಾಗಿ ಬರುತ್ತೆ ಕಣ್ರಯ್ಯಾ’ ಎಂದು ಗೊಣಗಿ ಎಲೆ ಕೆಳಗಿಟ್ಟರು.

ಆಮೇಲಿನದು ಸುಲಭವಾಗಿತ್ತು. ಐದು ಗಂಟೆಯ ಹೊತ್ತಿಗೆ ಮೂರು ಎಕ್ಕ ಬಂದವು. ಹಲ್ಲು ಕಚ್ಚಿ, ಒಳಗೊಳಗೇ ಎಣಿಸುತ್ತ, ತೊಟ್ಟಿಲ ಮಗುವಿನಂತೆ ಸಮವಾಗಿ ಉಸಿರಾಡಿದ. ಡಾಕ್ಟರು ಖುಷಿಯಿಂದ ಇದ್ದಬದ್ದದ್ದನ್ನೆಲ್ಲ ನಡುವೆ ಸುರಿದರು. ಎಲೆ ತಿರುಗಿಸಿದಾಗ ಅವರ ಮುಖ ಬಿಳಿಚಿಕೊಂಡಿತು. ಮೂರು ತಿಂಗಳಲ್ಲಿ ಹೋದದ್ದು ಮೂರು ಗಂಟೆಯಲ್ಲಿ ತಿರುಗಿ ಬಂದಿತ್ತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವಳು ಊಟದ ಮೇಜಿನ ಮುಂದೆ ಕೆಲಸದ ಬಟ್ಟೆಯಲ್ಲೇ ಕೂತು ಕಾಯುತ್ತಿದ್ದಳು. ಅವನು ದುಡ್ಡನ್ನು ಮೇಜಿನ ಮೇಲಿಟ್ಟ. ದಾರಿಯುದ್ದಕ್ಕೂ ಈ ಗಳಿಗೆಯನ್ನೇ ನೆನೆಸಿಕೊಂಡು ಬಂದಿದ್ದ. ಅವಳಿಗೆ ಗೊತ್ತಾಗಲಿ ಎಂದು ಉಸಿರು ಹಿಡಿದು ನಿಂತ. ಆಮೇಲೆ, ‘ಗೆದ್ದೆ ಕಣೇ. ನಿನ್ನಾಣೆಗೂ ಗೆದ್ದೆ’ ಎಂದ.

ಅವಳು ದುಡ್ಡನ್ನು ಮುಟ್ಟಲಿಲ್ಲ. ಅವನ ಎದೆಯನ್ನೇ ನೋಡಿದಳು. ‘ಯಾರ ಹತ್ರ ಸಾಲ ತಂದ್ರಿ?’

‘ಸಾಲವಾ? ಅಯ್ಯೋ, ಏನು ಹೇಳ್ತಿದ್ದೀಯ! ನೋಡು, ಉಸಿರು ನಿಂತಿತ್ತಲ್ಲ, ನೀನೇ ಕಂಡೆಯಲ್ಲ!’

‘ಕಂಡೆ’ ಎಂದಳು. ‘ಅದೇ ಉಸಿರು ಹಿಡಿದು ಅಲ್ಲಿ ಆಡೋರಿಗೂ ಸುಳ್ಳು ಹೇಳಿದ್ರಾ ಇವತ್ತು?’

ಅವನು ಹೌದೆಂದು ತಲೆಯಾಡಿಸಿದ.

‘ಈಗ ಅದು ತಾನಾಗೇ ನಿಂತಿದ್ದಾ, ನೀವೇ ನಿಲ್ಲಿಸಿದ್ದಾ?’

ಅವನು ಅಂಗೈಯನ್ನು ಎದೆಯ ಮೇಲಿಟ್ಟು ನೆನಪು ಮಾಡಿಕೊಳ್ಳಲು ನೋಡಿದ. ತಾನು ನಿಲ್ಲಿಸದೆ ಇದ್ದಿದ್ದರೂ ಅದು ನಿಲ್ಲುತ್ತಿತ್ತೇ? ಮೂರು ತಿಂಗಳು ಮಂಚದಂಗಡಿಯ ಮಹಡಿಯಲ್ಲಿ ಪಟ್ಟ ಭಯವೆಲ್ಲ ಒಟ್ಟು ಸೇರಿದರೂ ಈ ಭಯದ ಮುಂದೆ ಏನೂ ಅಲ್ಲ ಎನ್ನಿಸಿತು.

‘ಗೊತ್ತಿಲ್ಲ’ ಎಂದ.

ಅವನು ಹೇಳಿದ್ದು ನಿಜ. ಅವಳು ಇನ್ನೂ ಸ್ವಲ್ಪ ಹೊತ್ತು ಅವನ ಎದೆಯ ಏರಿಳಿತವನ್ನು ನೋಡುತ್ತ ಕೂತಿದ್ದಳು. ಆಮೇಲೆ ನೋಡುವುದನ್ನು ಬಿಟ್ಟು, ಎದ್ದು ಹೋಗಿ ದೀಪ ಹಾಕಿದಳು.